ಗಾಜಿಪುರದ ಮಹಡಿಯಲ್ಲಿ ನಾನು ರೊಟ್ಟಿ ಮಾರಿದ್ದು

ಕಲಬುರಗಿಗೆ ಬಂದ ಮೊದಲ ಭಾನುವಾರವೇ ನನ್ನ ಕೊಲೆಯಾಯಿತು. ಅಲ್ಲಿನ ಗಾಜಿಪುರ ಬಡಾವಣೆಯ ಒಂದು ಮಹಡಿಯ ಮೇಲೆ, ಕೈಯಲ್ಲಿ ಚಹಾದ ಕಪ್ ಇರುವಾಗಲೇ, ರಫೀಕ್ ಎಂಬ ಇನ್ಶೂರೆನ್ಸ್ ಗುಮಾಸ್ತ ಡೈಸ್ ಉರುಳಿಸಿ, "ಖಾಲಾ, ನೀವು ಸತ್ರಿ," ಅಂದ. ಖಾಲಾ ಎಂದರೆ ಇಲ್ಲಿನ ಉರ್ದುವಿನಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ನನ್ನ ತಂಗಿಯ ಮಗಳು ಜಯಾ ಅವನ ಆಫೀಸಿನವಳು. ಅವಳಿಗೆ ಟ್ರಾನ್ಸ್‌ಫರ್ ಆಯಿತೆಂದು ಮೈಸೂರು ಬಿಟ್ಟು ಜೊತೆಗೆ ಬಂದು, ಅದೇ ಬಡಾವಣೆಯಲ್ಲಿ ಮನೆ ಮಾಡಿದವಳು ನಾನು.

"ಒಂದು ಮಾತು ಕೇಳಿ ಕೊಲ್ಲಬಾರದೇನಪ್ಪಾ?" ಅಂದೆ.

"ಕೋಟೆ ಬಾಗಲಾ ತಗೀರಿ ಅಂತ ವೈರಿ ಕಾವಲುಗಾರಗ ಅಂದವರು ನೀವಾ ಅಲ್ಲೇನ್ರೀ? ಇಲ್ಲಿ ಹುಕುಂ ನಡೆಯಂಗಿಲ್ರೀ."

ಮೈಸೂರಿನಲ್ಲಿ ನನಗಿದ್ದದ್ದು ಸ್ಟ್ರಾಟೆಜಿ ಗೇಮ್‌ಗಳ ಹುಚ್ಚು. ಲ್ಯಾಪ್‌ಟಾಪಿನಲ್ಲಿ ರಾಜ್ಯ ಕಟ್ಟುವುದು, ಸೈನ್ಯ ಕಳಿಸುವುದು. ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದವಳಿಗೆ ಅದೇನು ಹೊಸದಲ್ಲ. ಎರಡರಲ್ಲೂ ಮೇಲಿನಿಂದ ನೋಡುವುದು, ಕೆಳಗಿನವರು ಚಿಕ್ಕದಾಗಿ ಕಾಣುವುದು. ಇಲ್ಲಿಯವರದು ರೋಲ್ ಪ್ಲೇಯಿಂಗ್. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ವಾರವಿಡೀ ಫೈಲು, ಟಾರ್ಗೆಟ್ಟು, ಮ್ಯಾನೇಜರ ಮುಖ ನೋಡಿದವರು ಭಾನುವಾರ ಕಳ್ಳ, ಹಕೀಮ, ಸುಲ್ತಾನ ಆಗುತ್ತಾರೆ.

ಆ ಗುಂಪಿನಲ್ಲಿ ಶಿವಲೀಲಾ ಇದ್ದಳು. ಹತ್ತಿರದ ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಅದೇ ಆಫೀಸಿಗೆ ಬರುವ ಹುಡುಗಿ. ನನಗೆ ಈ ಊರು ಕಲಿಸಿದವಳು ಅವಳೇ. ಹುಳಿಸೊಪ್ಪಿನ ಪುಂಡಿಪಲ್ಯ ತಂದುಕೊಟ್ಟಳು, ಬಿಸಿಲಲ್ಲಿ ತಲೆಗೆ ಸೆರಗು ಹೊದೆಯಲು ಬೈದು ಹೇಳಿದಳು, "ಆಯಿ" ಎಂದು ಕರೆದಳು. ಆಯಿ ಎಂದರೆ ಅಜ್ಜಿ. ಜಯಾ ಆಫೀಸಿಗೆ ಹೊರಟ ಮೇಲೆ ಸಂಜೆಯವರೆಗೆ ಯಾರೂ ಕೂಗದ ಮನೆಯಲ್ಲಿ ಆ ಎರಡಕ್ಷರಕ್ಕೆ ನಾನು ಕಾಯುತ್ತಿದ್ದೆ.

ಮಳೆಗಾಲದ ಒಂದು ಭಾನುವಾರ ರಫೀಕ್ ನನಗೆ ಹೊಸ ಪಾತ್ರ ಕೊಟ್ಟ: ಕೋಟೆ ಬಾಗಿಲಲ್ಲಿ ರೊಟ್ಟಿ ಮಾರುವ ಮುದುಕಿ. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡವಳು ಸುಮ್ಮನಿರುತ್ತೇನೆಯೇ? ಮೂಗಿನಿಂದ ದನಿ ಎಳೆದು, "ಏನ್ ಬೇಕ್ರೀ ಸಾಹೇಬ್ರಾ? ನಮಗೇನ್ ತಿಳೀತದರೀ, ಹಳ್ಳಿ ಮಂದೀ..." ಅಂದೆ. ಎಲ್ಲರೂ ನಕ್ಕರು. ಶಿವಲೀಲಾಳೂ ನಕ್ಕಳು. ಚಪ್ಪಾಳೆ ಸಿಕ್ಕಿದ್ದೇ ಇನ್ನಷ್ಟು ಎಳೆದೆ, ಬಾಯಿ ಸೊಟ್ಟ ಮಾಡಿದೆ.

ಆಟ ಮುಗಿದ ಮೇಲೆ ಅವಳು ನನ್ನ ಕಪ್ ಎತ್ತಿಕೊಳ್ಳುತ್ತ, "ಇನ್ನೂ ಸ್ವಲ್ಪ ಚಹಾ ಬೇಕೇ, ಮೇಡಂ?" ಎಂದಳು. ಅಪ್ಪಟ ಪಠ್ಯಪುಸ್ತಕದ ಕನ್ನಡ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ. "ದೊಡ್ಡಮ್ಮ, ಅವಳು ಮ್ಯಾನೇಜರ ಹತ್ತಿರ ಮಾತಾಡುವುದು ಹೀಗೆ," ಅಂದಳು ಜಯಾ.

ತಡೆಯಲಾಗದೆ ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಯಾವ ಕನ್ನಡದಲ್ಲಿ ಕ್ಷಮೆ ಕೇಳುವುದು? ನನ್ನದರಲ್ಲಿ ಕೇಳಿದರೆ ದರ್ಪ, ಅವಳದರಲ್ಲಿ ಕೇಳಿದರೆ ಅಣಕ.

ಬಾಗಿಲಲ್ಲಿ ಅವಳ ತಾಯಿ, "ಬರ್ರಿ, ಬರ್ರಿ. ನಮ್ ಲೀಲಾ ಆಯಿ ಆಯಿ ಅಂತಿದ್ಲಲ್ಲ, ಆಕಿ ನೀವಾ ಏನು?" ಅಂದರು. ಅಂತಿದ್ಲು. ನಾನು ತಲೆ ತಗ್ಗಿಸಿದೆ.

"ಶಿವಲೀಲಾ, ಅವತ್ತು ನಾನು ಮಾಡಿದ್ದು ತಪ್ಪು."

"ಆಟವಲ್ಲವೇ ಮೇಡಂ, ಬಿಡಿ."

"ಏನ್ ಮಾಡಿದ್ರು ಅವರು?" ತಾಯಿ ಕೇಳಿದರು.

ಶಿವಲೀಲಾ ಎದ್ದು ನಿಂತಳು. ದುಪಟ್ಟಾ ಸೆರಗಿನಂತೆ ಹೊದ್ದು, ಕತ್ತು ನೆಟ್ಟಗೆ ಮಾಡಿ, ತುಟಿ ಬಿಗಿದು, "ಎಕ್ಸ್‌ಕ್ಯೂಸ್ ಮಿ, ಇಲ್ಲಿ ಒಳ್ಳೆಯ ಫಿಲ್ಟರ್ ಕಾಫಿ ಸಿಗುವುದೇ ಇಲ್ಲವೇ? ಮೈ ಗಾಡ್, ಎಂಥಾ ಜನ!" ಅಂದಳು. ನನ್ನದೇ ದನಿ. ತಾಯಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮುಖ ನಗುತ್ತಿತ್ತು, ಕಿವಿ ಸುಡುತ್ತಿತ್ತು. ಅವತ್ತು ಅವಳು ನಕ್ಕ ನಗು ಯಾವುದೆಂದು ಆಗ ತಿಳಿಯಿತು.

ಹೊರಡುವಾಗ ತಾಯಿ ನನ್ನ ಚೀಲಕ್ಕೆ ಕೆಂಪು ಬಾಳೆಹಣ್ಣು ತುಂಬಿದರು. "ಭಾನುವಾರ ಬನ್ನಿ, ಮೇಡಂ," ಎಂದಳು ಶಿವಲೀಲಾ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, "ಮೈಸೂರಿನವರೇನ್ರೀ? ಇಲ್ಲಿ ಯಾರ ಮನಿಗಿ ಬಂದೀರಿ?" ಅಂದ.

"ಗಾಜಿಪುರದಾಗ ಇರ್ತೀನ್ರೀ," ಅಂದೆ.

ಅವನು ನಗಲಿಲ್ಲ, ಟಿಕೆಟ್ ಕೊಟ್ಟು ಮುಂದೆ ಹೋದ. ಆ ಮಾತು ತಾನಾಗಿ ಬಂದದ್ದೋ, ಮತ್ತೆ ನಾನು ಅಣಕಿಸಿದೆನೋ ನನಗೇ ಗೊತ್ತಾಗಲಿಲ್ಲ. ಮಹಾಗಾಂವ ದಾಟಿತು, ಕಲಬುರಗಿಯೂ ಬಂತು. ನಾನು ಬಾಯಿ ಬಿಡಲಿಲ್ಲ.