ಭಯಪಡುವುದೇ ಇವರ ಕಸುಬು

ಆಗಷ್ಟೇ ಬೆಳಕು ಹರಿಯುತ್ತಿದೆ. ಹಳೆಯ ಗಾಡಿಗಳನ್ನು ಮಾರುವ ಅಂಗಳದ ಗೇಟು ಇನ್ನೂ ಅರ್ಧವಷ್ಟೇ ತೆರೆದಿದೆ. ಅದರಲ್ಲೇ ಒಳಗೆ ನುಸುಳಿದ ಸಣಕಲು ಮನುಷ್ಯರೊಬ್ಬರು ಬೂದುಬಣ್ಣದ ಎಸ್‌ಯುವಿಯ ಬಾನೆಟ್ ಮೇಲೆ ಅಂಗೈ ಇಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ತಣ್ಣಗಿದೆ.

"ಬಿಸಿ ಇದ್ರೆ, ನಾನು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ರೆಡಿ ಮಾಡಿಟ್ಟಿದ್ದಾರೆ ಅಂತ ಅರ್ಥ. ಇದರ ಮೊದಲನೇ ಕೆಮ್ಮು ನನ್ನ ಕಿವಿಗೇ ಬೀಳ್ಬೇಕು," ಎನ್ನುತ್ತಾರೆ.

ಅಂಗಳದವರು ಇವರಿಗೆ ಇಟ್ಟಿರುವ ಹೆಸರು ಪುಕ್ಕಲಣ್ಣ. ಕಡಿಮೆ ಬೆಲೆಗೆ ಹಳೆಯ ಗಾಡಿ ಕೊಂಡು ಟ್ರೈಲರ್ ಎಳೆಸಬೇಕೆನ್ನುವವರು ಇವರನ್ನು ಜೊತೆಗೆ ಕರೆತರುತ್ತಾರೆ. ಭಾರ ತುಂಬಿದ ಟ್ರೈಲರ್ ಸಿಕ್ಕಿಸಿ, ಊರಾಚೆಯ ಇಳಿಜಾರಿನಲ್ಲಿ ಓಡಿಸಿ ನೋಡಿ, ಬೇಕೋ ಬೇಡವೋ ಹೇಳುವುದು ಇವರ ಕೆಲಸ. ಹೆಚ್ಚಿನ ಸಲ ಬೇಡವೇ. ದಲ್ಲಾಳಿಗಳಿಗೆ ಇವರನ್ನು ಕಂಡರೆ ಮೈಯೆಲ್ಲ ಉರಿ.

"ಬಂದೋರೆಲ್ಲ ಎಷ್ಟು ಎಳೆಯುತ್ತೆ ಅಂತ ಕೇಳ್ತಾರೆ. ಎಳ್ಕೊಂಡು ಹೋಗಿದ್ದನ್ನ ನಿಲ್ಸುತ್ತಾ ಅಂತ ಒಬ್ರೂ ಕೇಳಲ್ಲ."

ಹರೆಯದಲ್ಲಿ ಇವರೂ ಕೇಳಿರಲಿಲ್ಲ. ಯಾರದೋ ಗಾಡಿಯಲ್ಲಿ ಇಟ್ಟಿಗೆ ಸಾಗಿಸುತ್ತಿದ್ದಾಗ ಇಳಿಜಾರಿನಲ್ಲಿ ಬ್ರೇಕ್ ಸೋತು, ಟ್ರೈಲರ್ ಹಿಂದಿನಿಂದ ನೂಕಿತು. ಗಾಡಿ ಹಳ್ಳಕ್ಕೆ ಬಿತ್ತು. ಕೂದಲೆಳೆಯ ಅಂತರದಲ್ಲಿ ಬದುಕಿದರಾದರೂ ಎಡಗೈ ಈಗಲೂ ಭುಜದಿಂದ ಮೇಲೆ ಏಳುವುದಿಲ್ಲ. ಇಳಿಜಾರು ಕಂಡೊಡನೆ ಇವತ್ತಿಗೂ ಬಾಯಿ ಒಣಗುತ್ತದೆ. ಆ ಒಣಗುವ ಬಾಯನ್ನು ನಂಬಿಯೇ ಜನ ಇವರನ್ನು ಹುಡುಕಿಕೊಂಡು ಬರುತ್ತಾರೆ.

ಇವತ್ತು ಭಯ ದುಪ್ಪಟ್ಟಾಗಿದೆ. ಕೊಳ್ಳಲು ಬಂದಿರುವವಳು ಸ್ವಂತ ಮಗಳು. ಅವಳು ವೆಲ್ಡರ್. ಕಟ್ಟಡದಿಂದ ಕಟ್ಟಡಕ್ಕೆ ಜನರೇಟರ್, ವೆಲ್ಡಿಂಗ್ ಮಷೀನ್ ಎಳೆದುಕೊಂಡು ಹೋಗಲು ಅವಳಿಗೊಂದು ಗಾಡಿ ಬೇಕು. ತೋರಿಸಿದ್ದಕ್ಕೆಲ್ಲ ಅಪ್ಪ ತಲೆ ಅಲ್ಲಾಡಿಸಿ ಅವಳ ತಾಳ್ಮೆ ಮುಗಿದಿದೆ.

"ಅಪ್ಪ, ಇದನ್ನೂ ಬೇಡ ಅಂದ್ರೆ ನಾಳೆ ನಿನ್ನ ಕೇಳದೆ ಯಾವ್ದೋ ಒಂದು ತಗೊಂಬಿಡ್ತೀನಿ."

ಪುಕ್ಕಲಣ್ಣ ಗಾಡಿಯ ಕೆಳಗೆ ತೂರುತ್ತಾರೆ. ತುಕ್ಕು ಹಿಡಿದಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಕುಟ್ಟುತ್ತಾರೆ, ಟ್ರೈಲರ್ ಸಿಕ್ಕಿಸುವ ಕೊಕ್ಕೆಗೆ ಜೋತುಬೀಳುತ್ತಾರೆ. ಬೇಡ ಎನ್ನಲು ಒಂದೇ ಒಂದು ನೆಪ ಬೇಕು. ಸಿಗುವುದಿಲ್ಲ. ಅಷ್ಟರಲ್ಲಿ ಮಗಳು ತನ್ನ ಸಾಮಾನು ತುಂಬಿದ ಟ್ರೈಲರ್ ತಗುಲಿಸಿ ಸ್ಟಿಯರಿಂಗ್ ಮುಂದೆ ಕೂತಾಗಿದೆ. ಗಾಡಿಯ ಯೋಚನೆಯಲ್ಲೇ ಮುಳುಗಿರುವ ಅಪ್ಪ ಹಿಂದಿನ ಹೊರೆಯ ಕಡೆ ಕಣ್ಣೇ ಹಾಯಿಸದೆ ಪಕ್ಕದ ಸೀಟು ಹತ್ತುತ್ತಾರೆ.

ಇಳಿಜಾರಿನ ನಡುವೆ ಟ್ರೈಲರ್ ಓಲಾಡತೊಡಗುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಗಾಡಿಯ ಬೆನ್ನನ್ನೇ ಅತ್ತಿತ್ತ ಎಳೆಯುವಷ್ಟು. ಎದುರಿನಿಂದ ಲಾರಿ ಬರುತ್ತಿದೆ. ಪುಕ್ಕಲಣ್ಣ ಕಿರುಚುತ್ತಾರೆ:

"ಬ್ರೇಕ್! ಬ್ರೇಕ್ ಹೊಡಿ!"

ಅವಳು ಹೊಡೆಯುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು ಸುಮ್ಮನೆ ಕೂರುತ್ತಾಳೆ. ಲಾರಿ ಪಕ್ಕದಲ್ಲೇ ಸದ್ದು ಮಾಡುತ್ತಾ ಹಾದುಹೋಗುತ್ತದೆ. ವೇಗ ತಗ್ಗಿ ಓಲಾಟವೂ ನಿಂತ ಮೇಲೆ, ಗಾಡಿಯನ್ನು ಮೆಲ್ಲನೆ ರಸ್ತೆಬದಿಗೆ ತಂದು ನಿಲ್ಲಿಸುತ್ತಾಳೆ.

"ಓಲಾಡುವಾಗ ಬ್ರೇಕ್ ಒತ್ತಿದ್ರೆ ಗಾಡಿ ಮಗುಚುತ್ತೆ ಅಂತ ಊರಿಗೆಲ್ಲ ಹೇಳೋನು ನೀನೇ ಅಲ್ವಾ?"

"ಊರಿಗೆ ಹೇಳಿದ್ದು. ನೀನು ಓಡಿಸ್ತಾ ಇರುವಾಗ ಅದೆಲ್ಲ ಎಲ್ಲಿ ನೆನಪಾಗುತ್ತೆ?"

ಇಳಿದು ನೋಡಿದರೆ ತಪ್ಪು ಗಾಡಿಯದಲ್ಲ. ಇಳಿಸಲು ಸುಲಭ ಎಂದು ಮಗಳು ಜನರೇಟರನ್ನು ಟ್ರೈಲರಿನ ಹಿಂತುದಿಯಲ್ಲಿ ಇಟ್ಟುಬಿಟ್ಟಿದ್ದಾಳೆ. ಹಿಂದೆ ಭಾರವಾದರೆ ಬಾಲ ಆಡದೆ ಇರುತ್ತದೆಯೇ? ಇಬ್ಬರೂ ಏದುಸಿರು ಬಿಡುತ್ತಾ ಅದನ್ನು ಮುಂದಕ್ಕೆ ಸರಿಸಿ ಬಿಗಿಯುತ್ತಾರೆ. ಮೇಲಕ್ಕೆ ಹೋಗಿ ಮತ್ತೆ ಇಳಿಯುತ್ತಾರೆ. ಈ ಸಲ ಟ್ರೈಲರ್ ಸದ್ದಿಲ್ಲದೆ ಹಿಂಬಾಲಿಸುತ್ತದೆ, ಬ್ರೇಕ್ ಒತ್ತಿದಲ್ಲಿ ಗಾಡಿ ನಿಲ್ಲುತ್ತದೆ.

"ತಗೋ," ಎಂದು ಪುಕ್ಕಲಣ್ಣ ಕೊನೆಗೂ ಹೇಳುತ್ತಾರೆ.

ಅಂಗಳಕ್ಕೆ ಮರಳಿದಾಗ, ಅವರು ಕೂತಿದ್ದ ಎಡಬದಿಯ ಸೀಟಿನ ಮುಂದಿನ ಮ್ಯಾಟು ಮುದುಡಿ ಮೂಲೆ ಸೇರಿದೆ. ದಾರಿಯುದ್ದಕ್ಕೂ ಅಲ್ಲಿಲ್ಲದ ಬ್ರೇಕನ್ನು ಅವರು ತುಳಿದದ್ದು ತುಳಿದದ್ದೇ. ಬಗ್ಗಿ ಮ್ಯಾಟನ್ನು ಸರಿಮಾಡುತ್ತಾ ಹೇಳುತ್ತಾರೆ: "ಈ ಕಡೆಗೂ ಒಂದು ಬ್ರೇಕ್ ಇದ್ದಿದ್ರೆ ಸಾಕಿತ್ತು. ನನಗೆ ಬೇರೇನೂ ಆಸೆ ಇಲ್ಲ."

ನಾಳೆಯಿಂದ ಆ ಸೀಟಿನಲ್ಲಿ ಕೂರುವುದು ಮಗಳ ಊಟದ ಡಬ್ಬಿ ಮಾತ್ರ.