ಬೆನ್ನುನೋವಿಗೆ ತೆಗೆಸಿದ ಚಿತ್ರ

ಮೂವತ್ತರ ದಶಕದ ಮಾತು. ಆ ವರ್ಷ ನನ್ನ ಹೆತ್ತ ಆಯಿಗೆ ಬೆನ್ನು ಬಗ್ಗಿಸಲು ಆಗುತ್ತಿರಲಿಲ್ಲ. ಶೆಟಗೇರಿಯ ನಮ್ಮ ಗದ್ದೆಯಲ್ಲಿ ಸಸಿ ನೆಡುವ ಕೆಲಸ ಹತ್ತಿರ ಬಂದಿತ್ತು. ಬಗ್ಗಲಾಗದವಳು ನೆಡುವುದು ಹೇಗೆ? ಅಂಕೋಲೆಯ ಔಷಧಿಗಳೆಲ್ಲ ಮುಗಿದ ಮೇಲೆ ಅವಳನ್ನು ಮೋಟಾರು ಹತ್ತಿಸಿ ಕಾರವಾರಕ್ಕೆ ಕರೆದೊಯ್ದೆ.

ಹೊಟ್ಟೆಯಲ್ಲಿ ಹುಣ್ಣಾದರೂ ನೋವು ಬೆನ್ನಿಗೆ ಬರುತ್ತದೆ ಎಂದ ಡಾಕ್ಟರು, ಸುಣ್ಣ ಕದಡಿದಂಥ ಬಿಳಿ ಗಂಜಿ ಕುಡಿಸಿ ಕ್ಷ-ಕಿರಣದ ಚಿತ್ರ ತೆಗೆಸಿದರು. ಹುಣ್ಣು ಇರಲಿಲ್ಲ. ಆದರೆ ಚಿತ್ರವನ್ನು ಬೆಳಕಿಗೆ ಹಿಡಿದದ್ದೇ ಅವರ ಮುಖ ಅರಳಿತು. ಪಕ್ಕದ ಕೋಣೆಯ ಡಾಕ್ಟರನ್ನೂ ಕರೆದು ತೋರಿಸಿದರು. ಆಯಿಯ ಸಣ್ಣ ಕರುಳೆಲ್ಲ ಬಲಕ್ಕೆ, ದೊಡ್ಡ ಕರುಳೆಲ್ಲ ಎಡಕ್ಕೆ. ಗರ್ಭದಲ್ಲಿ ಸುತ್ತು ತಿರುಗಿ ತನ್ನ ಜಾಗಕ್ಕೆ ಬರಬೇಕಾದದ್ದು ತಿರುಗದೆ ಹಾಗೇ ಉಳಿದಿದೆಯಂತೆ.

"ಬೆನ್ನುನೋವು ಇದರಿಂದಲೇ?"

"ಅಲ್ಲ. ಇಷ್ಟು ವರ್ಷ ಸುಮ್ಮನಿದ್ದದ್ದು ಈಗೇನು ಮಾಡೀತು? ಬಿಟ್ಟುಬಿಡಿ."

"ಹಾಗಾದರೆ ಬೆನ್ನು?"

ಅವರು ಮತ್ತೆ ಚಿತ್ರ ನೋಡುತ್ತಿದ್ದರು. ಈ ಕೊನೆಯ ಪ್ರಶ್ನೆಯನ್ನು ನಾನು ನಿಜವಾಗಿ ಕೇಳಿದೆನೋ, ಕೇಳಬೇಕಿತ್ತೆಂದು ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಹೇಳಲಾರೆ. ಉತ್ತರ ಸಿಗಲಿಲ್ಲ, ಅದು ಖಾತ್ರಿ. ಸಿಟ್ಟು ಇನ್ನೂ ಇಳಿದಿಲ್ಲ.

ಊರಿಗೆ ಬಂದರೆ ಹೆಂಗಸರೆಲ್ಲ ಆಯಿಯ ಹೊಟ್ಟೆ ನೋಡಲು ಬಂದರು. ಕೇಣಿಯ ಮಾವಶಿ, ಆಯಿಯ ತಂಗಿ, ಹೊಟ್ಟೆ ತಿಕ್ಕುವ ಮುದುಕಿಯನ್ನೇ ಕರೆತಂದಳು. ಭಾರ ಎತ್ತಿ ಹೊಕ್ಕುಳ ಜಾರಿತೆಂದರೆ ಎಣ್ಣೆ ಹಚ್ಚಿ ತಿಕ್ಕಿ ಜಾಗಕ್ಕೆ ತರುವುದು ನಮ್ಮ ಕಡೆಯ ರೂಢಿ. ಇಲ್ಲಿ ಕರುಳೇ ಜಾರಿದೆ, ಬಿಡುತ್ತಾರೆಯೇ?

"ಜಾರಿದ್ದಲ್ಲ ಮಾವಶಿ, ಹುಟ್ಟಿನಿಂದ್ಲೇ ಹಾಂಗೆ ಅದೆ."

"ಹಾಂಗಿದ್ರೆ ನಿನ್ನ ಹ್ಯಾಂಗೆ ಹೆತ್ತಳಾ? ಶಾಣ್ಯಾ ಬಂದ, ದೊಡ್ಡ ಡಾಕ್ಟರ!"

ಮುದುಕಿ ಅಂಗೈಗೆ ಎಣ್ಣೆ ಸುರಿದುಕೊಂಡಳು. "ಎಲ್ಲಾ ಜಾಗಕ್ಕೆ ತರ್ತೆ. ಮಲ್ಕಾ ತಂಗಿ."

ಆಯಿ ಮಲಗಿದಳು, ಬೋರಲಾಗಿ.

"ಅಯ್ಯೋ, ಹೊಟ್ಟೆ ತೋರ್ಸೇ!"

"ಹೊಟ್ಟೆ ಎಲ್ಲರೂ ನೋಡಿ ಆಯ್ತು. ನೋವು ಇಲ್ಲಿ ಅದೆ. ತಿಕ್ಕೂದಿದ್ರೆ ಇಲ್ಲಿ ತಿಕ್ಕು, ಇಲ್ದಿದ್ರೆ ಎಣ್ಣೆ ಹಾಳು ಮಾಡ್ಬೇಡ."

ಮುದುಕಿ ಗೊಣಗುತ್ತ ಬೆನ್ನು ತಿಕ್ಕಿದಳು. ಅಲ್ಲಿಗೆ ನೋವು ಹೋಯಿತೆಂದು ಬರೆದರೆ ನೆನಪಿಗೊಂದು ಅಂದ ಬರುತ್ತದೆ. ಹೋಗಲಿಲ್ಲ. ಆ ಸಲ ಆಯಿ ಕೆಸರಿನಲ್ಲಿ ಮಂಡಿಯೂರಿ ಸಸಿ ನೆಟ್ಟಳು. ಅವಳ ಸಾಲು ಎಲ್ಲರಿಗಿಂತ ಹಿಂದೆ ಉಳಿಯಿತು. ಗದ್ದೆಯ ಅಂಚಿನ ಮೇಲೆ ಹೋಗುವವರು ನಿಂತು ಕೇಳುತ್ತಿದ್ದುದು ಕರುಳಿನ ಸುದ್ದಿಯನ್ನೇ.