ತಲೆಗೆ ಕಟ್ಟಿದ ಪಟ್ಟಿ

ನಮ್ಮ ತಂಬ್ರಹಳ್ಳಿಯಲ್ಲಿ ಭೀಮರಾಜನಿಗೆ ಇಲಿ ಭೀಮರಾಜ ಎಂದೇ ಹೆಸರು. ಇಟ್ಟವನು ನಾನೇ, ಈಗ ನಾಚಿಕೆಯಾಗುತ್ತದೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬಿಳಿ ಇಲಿಗಳಿಗೆ ಕಾಳು, ನೀರು ಹಾಕುವ ನೌಕರಿ ಅವನದು. ಸರ್ಕಾರ ಸಂಬಳ ಕೊಟ್ಟು ಇಲಿ ಸಾಕಿಸುತ್ತದೆ, ನಮ್ಮ ಮನೆಯವು ಬಿಟ್ಟಿಯಾಗಿಯೇ ಕೊಬ್ಬಿವೆ ಎಂದು ಛೇಡಿಸಿದರೆ ಅವನೂ ನಗುತ್ತಿದ್ದ.

ಹೆಂಡತಿ ಪಕ್ಕೀರಮ್ಮ ತೀರಿಕೊಂಡದ್ದು ತೊಂಬತ್ತೆಂಟರಲ್ಲಿ, ಅವನು ರಜೆಗೆ ಬಂದಾಗ. ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತಿದೆ ಎಂದಳು. ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ: ತಲೆಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ. ಬಸ್ಸು ಬರುವಷ್ಟರಲ್ಲಿ ಜೀವ ಹೋಗಿತ್ತು. ಮಿದುಳಿನ ರಕ್ತನಾಳ ಒಡೆದಿರಬೇಕು ಎಂದರು ಡಾಕ್ಟರು. ತಾನು ಹಾಕಿದ ಗಂಟಿನಿಂದಲೇ ಒಡೆಯಿತೇ? ಇದನ್ನು ಅವನು ಯಾರನ್ನೂ ಕೇಳಲಿಲ್ಲ. ಮಕ್ಕಳಿರಲಿಲ್ಲ. ಬೆಂಗಳೂರಿನಲ್ಲಿ ಒಂದೇ ಕೋಣೆ, ಒಬ್ಬನದೇ ಅಡುಗೆ.

ಆರು ವರ್ಷದ ಮೇಲೆ ಅಲ್ಲಿಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂತು. ಇಲಿಯನ್ನು ಕೊಯ್ಯುವುದಿಲ್ಲ, ಕೊಲ್ಲುವುದಿಲ್ಲ. ಮತ್ತಿನ ಮದ್ದು ಕೊಟ್ಟು ಮಲಗಿಸಿ ಒಳಗಿಟ್ಟರೆ ಮಿದುಳಿನ ನಾಳಗಳೆಲ್ಲ ಪರದೆಯ ಮೇಲೆ ಬೇರಿನ ಹಾಗೆ ಕಾಣುತ್ತಿದ್ದವು. ಅದೇ ಇಲಿಯನ್ನು ಮುಂದಿನ ವಾರ ಮತ್ತೆ ನೋಡಬಹುದಿತ್ತು. ಮಲಗಿಸುವ ಕೆಲಸ ಭೀಮರಾಜನಿಗೆ ಬಂತು.

ಒಂದು ಸೋಮವಾರ ಅವನು ಪಕ್ಕೀರಮ್ಮನ ಹಳೇ ಸೀರೆಯಿಂದ ದಾರದಷ್ಟು ಪಟ್ಟಿ ಹರಿದು, ಇಲಿಯ ತಲೆಗೆ ಬಿಗಿದು, ಒಳಗೆ ಕಳಿಸಿದ. ಚಿತ್ರ ಬಂತು. ಒಂದು ನಾಳವೂ ಒಡೆದಿರಲಿಲ್ಲ. ಇಲಿಯನ್ನು ಹೊರಗೆ ತೆಗೆದಾಗ ಪಟ್ಟಿ ಕಂಡು ವಿಜ್ಞಾನಿ ಗಂಗಾಂಬಿಕಾ ಮೇಡಂ ಉರಿದುಬಿದ್ದರು. ಅವನು ಬಸ್‌ಸ್ಟ್ಯಾಂಡಿನ ಸಂಗತಿಯೆಲ್ಲ ಹೇಳಿದ. ಮೇಡಂ ನಮ್ಮ ಕಡೆಯ ಹರಪನಹಳ್ಳಿಯವರೇ, ಅವರ ತಾಯಿಯೂ ತಲೆನೋವಿಗೆ ಬಟ್ಟೆ ಕಟ್ಟಿಕೊಳ್ಳುವವರೇ. ಸಿಟ್ಟು ಇಳಿಯಿತು. ಹೊರಗೆ ಕಟ್ಟಿದರೆ ಒಳಗಿನ ನಾಳ ಒಡೆಯುವುದಿಲ್ಲ, ಅದು ಮೊದಲೇ ಒಡೆದಿದ್ದರಿಂದಲೇ ಆಕೆಗೆ ತಲೆ ಸಿಡಿದದ್ದು ಎಂದು ಬಿಡಿಸಿ ಹೇಳಿದರು.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಅವನು ಇದನ್ನು ಹೇಳಿದ್ದು ನನಗೊಬ್ಬನಿಗೇ. ಹಾಗಾದರೆ ಎದೆಯ ಭಾರ ಇಳಿಯಿತಲ್ಲ ಎಂದೆ.

"ಗಂಟಿನಿಂದ ಸತ್ತಿಲ್ಲ, ಅದು ಗೊತ್ತಾತು ಬಿಡು," ಎಂದ ಅವನು. "ಆದ್ರ ಆಕಿ, ಬಿಚ್ರಿ, ನೋಯ್ತೈತಿ ಅಂತ ಎರಡು ಸಲ ಅಂದ್ಲು. ಸುಮ್ನ ಕುಂದ್ರು ಅಂತ ನಾ ಬೈದಿದ್ದೆ."